ಊರಿನ ಗಿಡಗಳ ಪರಿಚಯಕ್ಕೊಂದು ನಿಧಾನ ನಡಿಗೆ

ಪೀಳಮೇಡು ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಹತ್ತಿಗಿರಣಿಗಳು, ಕಾಲೇಜುಗಳು, ವಿಮಾನ ನಿಲ್ದಾಣ. ಆದರೆ ಊರಿಗೆ ಹೆಸರು ಕೊಟ್ಟದ್ದು ಮೊಣಕಾಲೆತ್ತರದ ಒಂದು ಗಿಡ. ತಮಿಳಿನಲ್ಲಿ ಅದಕ್ಕೆ ಪೂಳೈ ಎಂದು ಹೆಸರು. ಪೂಳೈ ಹೇರಳವಾಗಿ ಬೆಳೆದಿದ್ದ ಮೇಡು, ಎಂದರೆ ದಿಬ್ಬ, ಪೂಳೈಮೇಡು ಎನಿಸಿಕೊಂಡು, ಬಾಯಿಂದ ಬಾಯಿಗೆ ಸವೆದು ಪೀಳಮೇಡು ಆಯಿತೆಂದು ಇಲ್ಲಿಯ ಹಿರಿಯರು ಹೇಳುತ್ತಾರೆ.

ಮಕ್ಕಳೇ, ಈ ಗಿಡವನ್ನು ನೀವು ನೋಡಿಯೇ ಇಲ್ಲ ಎನ್ನುವಂತಿಲ್ಲ. ಪೊಂಗಲಿನ ಹಿಂದಿನ ಸಂಜೆ ಕೊಂಗುನಾಡಿನ ಮನೆಗಳ ಬಾಗಿಲಿಗೆ ಬೇವಿನ ಸೊಪ್ಪು, ಹಳದಿಯ ಆವಾರಂ ಹೂವು, ಬೆಳ್ಳಗಿನ ಪೂಳೈ ಹೂವು ಮೂರನ್ನೂ ಸೇರಿಸಿ ಕಟ್ಟುತ್ತಾರೆ. ಇದನ್ನು ‘ಕಾಪ್ಪುಕಟ್ಟು’ ಎನ್ನುವರು. ಆ ಗೊಂಚಲನ್ನು ನೀವೇ ಎಷ್ಟೋ ಸಲ ಏಣಿ ಹತ್ತಿ ಕಟ್ಟಿರಬಹುದು. ಆದರೆ ಅದೇ ಗಿಡ ಶಾಲೆಯ ಕಾಂಪೌಂಡಿನ ಮಗ್ಗುಲಲ್ಲಿ ನಿಂತಿದ್ದರೆ ಗುರುತಿಸುವವರು ನಿಮ್ಮಲ್ಲಿ ಎಷ್ಟು ಮಂದಿ? ಅದಕ್ಕೆ ಕನ್ನಡದಲ್ಲಿ ಬಿಳಿ ಹಿಂಡಿ ಸೊಪ್ಪು ಎಂಬ ಹೆಸರಿದೆಯೆಂದು ಬಲ್ಲವರು ಎಷ್ಟು ಮಂದಿ? ಹಿಂದೆ ದಿಬ್ಬಕ್ಕೆ ಹೋಗಿ ಕಿತ್ತು ತರುತ್ತಿದ್ದ ಹೂವನ್ನು ಈಗ ಪೂಳೈಯ ಊರಿನವರೇ ಮಾರುಕಟ್ಟೆಯಲ್ಲಿ ಕಟ್ಟಿಗಿಷ್ಟು ಎಂದು ಹಣ ಕೊಟ್ಟು ಕೊಳ್ಳುತ್ತಾರೆ.

ಹೆಸರು ತಿಳಿಯದ ಗಿಡ ನಮ್ಮ ಕಣ್ಣಿಗೆ ಬರಿಯ ಕಳೆ. ಕಳೆಯನ್ನು ಕೀಳುವಾಗ ಯಾರೂ ಎರಡು ಸಲ ಯೋಚಿಸುವುದಿಲ್ಲ. ಆದುದರಿಂದ ಊರಿನ ಗಿಡಗಳನ್ನು ಉಳಿಸಿಕೊಳ್ಳುವ ಮೊದಲ ಹೆಜ್ಜೆ ಅವುಗಳ ಹೆಸರನ್ನು ಕಲಿಯುವುದು. ಹಾಗೆ ಕಲಿಯಲು ಒಂದು ಸುಲಭವಾದ, ಖರ್ಚಿಲ್ಲದ ಮಾರ್ಗವುಂಟು. ಅದೇ ಹತ್ತು ಹನ್ನೆರಡು ಮಂದಿ ಕೂಡಿ ಮಾಡುವ ನಿಧಾನವಾದ ನಡಿಗೆ. ಈ ಪಾಠದಲ್ಲಿ ಅದರ ಕ್ರಮವನ್ನು ವಿವರಿಸುತ್ತೇವೆ.

ಹಿಂದಿನವರು ನಡೆದ ದಾರಿ

ಗುರುಶಿಷ್ಯರು ಕೂಡಿ ನಡೆದು ಗಿಡಗಳನ್ನು ಕಲಿಯುವ ಪದ್ಧತಿ ಹೊಸದೇನೂ ಅಲ್ಲ. ಸ್ವೀಡನ್ ದೇಶದ ಉಪ್ಸಾಲಾ ನಗರದಲ್ಲಿ ಹದಿನೆಂಟನೆಯ ಶತಮಾನದಲ್ಲಿ ಕಾರ್ಲ್ ಲಿನೇಯಸ್ (೧೭೦೭–೧೭೭೮) ಎಂಬ ಸಸ್ಯವಿಜ್ಞಾನಿ ಅಧ್ಯಾಪಕನಾಗಿದ್ದನು. ಇಂದು ಪ್ರತಿ ಗಿಡಕ್ಕೂ ಎರಡು ಪದಗಳ ಲ್ಯಾಟಿನ್ ಹೆಸರನ್ನಿಡುವ ಪದ್ಧತಿ ಜಗತ್ತಿನಲ್ಲೆಲ್ಲ ನಡೆಯುತ್ತಿದೆಯಷ್ಟೆ. ಅದಕ್ಕೆ ಆಧಾರವಾದದ್ದು ೧೭೫೩ರಲ್ಲಿ ಆತನು ಪ್ರಕಟಿಸಿದ ಗ್ರಂಥ. ಅವನು ಬೇಸಿಗೆಯ ದಿನಗಳಲ್ಲಿ ವಿದ್ಯಾರ್ಥಿಗಳ ದೊಡ್ಡ ಗುಂಪನ್ನು ಊರಾಚೆಗೆ ಕರೆದೊಯ್ಯುತ್ತಿದ್ದನು. ನಡುನಡುವೆ ನಿಂತು, ಶಿಷ್ಯರು ತಂದ ಗಿಡಗಳನ್ನು ಕೈಯಲ್ಲಿ ಹಿಡಿದು ವಿವರಿಸುತ್ತಿದ್ದನು. ಸಂಜೆ ಎಲ್ಲರೂ ಟೋಪಿಗೆ ಹೂವು ಸಿಕ್ಕಿಸಿಕೊಂಡು, ಕಹಳೆ ನಗಾರಿಗಳೊಡನೆ ಊರಿಗೆ ಮರಳುತ್ತಿದ್ದರಂತೆ! ಪಾಠವೆಂದರೆ ಹೀಗಿರಬೇಕೆಂದು ನಿಮಗೂ ಅನ್ನಿಸುವುದಲ್ಲವೇ?

ಕನ್ನಡಿಗರಲ್ಲಿ ಈ ದಾರಿಯನ್ನು ತುಳಿದವರು ಡಾ. ಬಿ. ಜಿ. ಎಲ್. ಸ್ವಾಮಿಯವರು. ಡಿ. ವಿ. ಗುಂಡಪ್ಪನವರ ಮಗನಾದ ಇವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವಿದ್ಯಾರ್ಥಿಗಳೊಡನೆ ಪಶ್ಚಿಮ ಘಟ್ಟದ ಕಾಡುಗಳಲ್ಲಿ ತಿರುಗಿ ಗಿಡಗಳನ್ನು ಹುಡುಕಿದ ಅನುಭವಗಳನ್ನು ಅವರು ‘ಹಸುರು ಹೊನ್ನು’ ಎಂಬ ಪುಸ್ತಕದಲ್ಲಿ ನಗೆಯುಕ್ಕಿಸುವಂತೆ ಬರೆದಿದ್ದಾರೆ. ೧೯೭೮ರಲ್ಲಿ ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಘಟ್ಟದ ಒಂದು ಗಿಡಕ್ಕೆ ಅವರು ತಮ್ಮ ಗುರುಗಳಾದ ಅಮೆರಿಕದ ಇರ್ವಿಂಗ್ ಬೈಲಿಯವರ ಹೆಸರನ್ನೇ ಇಟ್ಟರು: ಸಾರ್ಕ್ಯಾಂಡ್ರಾ ಇರ್ವಿಂಗ್‌ಬೈಲಿಯೈ. ತಮಿಳುನಾಡಿನಲ್ಲಿದ್ದುಕೊಂಡು, ಎರಡು ಭಾಷೆಗಳ ನಡುವೆ ಬಾಳಿ, ಕನ್ನಡದಲ್ಲಿ ಗಿಡಗಳ ಬಗೆಗೆ ಬರೆದ ಸ್ವಾಮಿಯವರು ನಮ್ಮ ಶಾಲೆಯ ಮಕ್ಕಳಿಗೆ ಹತ್ತಿರದ ಮಾದರಿಯೇ ಸರಿ. ಅವರು ೧೯೮೦ರಲ್ಲಿ ತೀರಿಕೊಂಡರು.

ನಾವಿರುವ ಕೊಯಮತ್ತೂರು ಸಸ್ಯವಿದ್ಯೆಗೆ ಹೆಸರಾದ ಊರೆಂಬುದನ್ನೂ ಮರೆಯಬಾರದು. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ದಕ್ಷಿಣ ಕೇಂದ್ರ ಇಲ್ಲಿದೆ. ಒತ್ತಿ ಒಣಗಿಸಿದ ಲಕ್ಷಗಟ್ಟಲೆ ಗಿಡಗಳ ಮಾದರಿಗಳನ್ನು ಅಲ್ಲಿ ಜೋಪಾನವಾಗಿ ಇರಿಸಲಾಗಿದೆ. ೧೯೦೨ರಲ್ಲಿ ಆರಂಭವಾದ ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯವೂ ಇಲ್ಲಿಯೇ ಇದೆ. ೧೯೧೨ರಲ್ಲಿ ಸ್ಥಾಪಿತವಾದ ಕಬ್ಬು ತಳಿ ಸಂಸ್ಥೆಯ ಕಥೆಯನ್ನಂತೂ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ರಸಭರಿತವಾದ ಕಬ್ಬನ್ನು, ತಮಿಳಿನಲ್ಲಿ ನಾಣಲ್ ಎಂದು ಕರೆಯುವ ಹೊಳೆದಂಡೆಯ ಒರಟು ಕಾಡುಹುಲ್ಲಿನೊಡನೆ ಕೂಡಿಸಿ, ಅಲ್ಲಿಯ ವಿಜ್ಞಾನಿಗಳಾದ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು ‘ಕೋ ೨೦೫’ ಎಂಬ ತಳಿಯನ್ನು ಹುಟ್ಟಿಸಿದರು. ‘ಕೋ’ ಎಂದರೆ ಕೊಯಮತ್ತೂರು. ಉತ್ತರ ಭಾರತದ ಚಳಿಯನ್ನೂ ಬರವನ್ನೂ ತಾಳಿಕೊಳ್ಳುವ ಶಕ್ತಿ ಆ ಕಬ್ಬಿಗೆ ಬಂದದ್ದು ಯಾರೂ ಲೆಕ್ಕಕ್ಕಿಡದ ಆ ಹುಲ್ಲಿನಿಂದ. ಪ್ರಸಿದ್ಧ ಸಸ್ಯವಿಜ್ಞಾನಿ ಇ. ಕೆ. ಜಾನಕಿ ಅಮ್ಮಾಳ್ ಅವರೂ ೧೯೩೦ರ ದಶಕದಲ್ಲಿ ಇದೇ ಸಂಸ್ಥೆಯಲ್ಲಿ ಕಬ್ಬಿನ ಮೇಲೆ ಸಂಶೋಧನೆ ನಡೆಸಿದರು. ಇಂದು ಕಳೆಯೆನಿಸಿದ್ದು ನಾಳೆ ಅನ್ನಕ್ಕೆ ಆಧಾರವಾಗಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೇ?

ನಡಿಗೆಯ ಕ್ರಮ

ಈ ನಡಿಗೆ ವ್ಯಾಯಾಮದ ನಡಿಗೆಯಂತಲ್ಲ. ಒಂದು ಫರ್ಲಾಂಗು ದೂರಕ್ಕೆ ಒಂದು ಗಂಟೆ ಹಿಡಿದರೂ ಅವಸರಪಡಬೇಕಾಗಿಲ್ಲ. ಬೇಗ ನಡೆಯುವವನಿಗೆ ದಾರಿಯ ಅಂಚು ಒಂದೇ ಹಸಿರು ಗೆರೆಯಂತೆ ಕಾಣುತ್ತದೆ. ನಿಂತು ನೋಡುವವನಿಗೆ ಆ ಗೆರೆಯಲ್ಲಿ ಇಪ್ಪತ್ತು ಬಗೆಯ ಗಿಡಗಳು ಕಾಣುತ್ತವೆ.

ಕಾಲ: ನಮ್ಮ ಭಾಗಕ್ಕೆ ಐಪ್ಪಸಿ, ಕಾರ್ತಿಕ ಮಾಸಗಳಲ್ಲಿ ಹಿಂಗಾರು ಮಳೆ ಬೀಳುತ್ತದೆ. ಮಳೆ ನಿಂತ ಮೇಲೆ, ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ನೆಲ ಹಸಿರಾಗಿ, ಅನೇಕ ಗಿಡಗಳು ಹೂಬಿಟ್ಟಿರುತ್ತವೆ. ಬೆಳಗಿನ ಏಳರಿಂದ ಒಂಬತ್ತು ಗಂಟೆಯವರೆಗಿನ ಸಮಯ ಉತ್ತಮ.

ಸ್ಥಳ: ಶಾಲೆಯ ಆಟದ ಬಯಲಿನ ಅಂಚಿನಿಂದಲೇ ತೊಡಗಬಹುದು. ಅನಂತರ ಖಾಲಿ ನಿವೇಶನ, ಹೊಲದ ಬದು, ಕೆರೆಯ ಏರಿ. ನಮಗೆ ಹತ್ತಿರದ ಸಿಂಗಾನಲ್ಲೂರು ಕೆರೆ ನೊಯ್ಯಲ್ ಹೊಳೆಯ ಕೆರೆಗಳ ಸಾಲಿಗೆ ಸೇರಿದ್ದು. ೨೦೧೭ರಲ್ಲಿ ಕೊಯಮತ್ತೂರು ನಗರಪಾಲಿಕೆ ಅದನ್ನು ನಗರ ಜೀವವೈವಿಧ್ಯ ಸಂರಕ್ಷಣಾ ವಲಯವೆಂದು ಘೋಷಿಸಿತು. ದೊಡ್ಡವರ ಜೊತೆಯಿಲ್ಲದೆ ಕೆರೆಯ ಬಳಿಗಾಗಲಿ ರೈಲುಹಳಿಯ ಬಳಿಗಾಗಲಿ ಹೋಗಕೂಡದು.

ಗುಂಪು: ಹತ್ತು ಹನ್ನೆರಡು ಮಂದಿಗಿಂತ ಹೆಚ್ಚು ಬೇಡ. ಒಬ್ಬರು ಬರೆಯಬೇಕು, ಒಬ್ಬರು ಚಿತ್ರ ಬಿಡಿಸಬೇಕು, ಒಬ್ಬರು ಎಸಳುಗಳನ್ನು ಎಣಿಸಬೇಕು, ಒಬ್ಬರು ಗಿಡದ ಮೇಲೆ ಬಂದು ಕೂರುವ ಹುಳುಗಳನ್ನು ಗಮನಿಸಬೇಕು. ಹತ್ತು ಜೋಡಿ ಕಣ್ಣುಗಳು ಕಂಡದ್ದನ್ನು ಒಬ್ಬನೇ ಕಾಣಲಾರನು. ಗುಂಪಿನಲ್ಲಿ ನಡೆಯುವುದರ ಲಾಭವೇ ಅದು. ಗುಂಪಿನೊಡನೆ ಒಬ್ಬ ಅಜ್ಜಿಯೋ ಅಜ್ಜನೋ ಇದ್ದರೆ ಅದು ಪೂರ್ಣವಾದಂತೆ.

ನೋಡಬೇಕಾದ ಅಂಶಗಳು ಐದು: ಎಲೆ ಸರಳವೋ ಸಂಯುಕ್ತವೋ, ಎಲೆಗಳು ಕಾಂಡದ ಮೇಲೆ ಎದುರುಬದುರಾಗಿವೆಯೋ, ಒಂದು ಬಿಟ್ಟು ಒಂದರಂತೆ ಇವೆಯೋ, ಕಾಂಡ ದುಂಡಗಿದೆಯೋ ಮೂಲೆಗಳುಳ್ಳದ್ದೋ, ಹೂವಿನ ಬಣ್ಣ ಮತ್ತು ಎಸಳುಗಳೆಷ್ಟು, ಕಾಯಿ, ಬೀಜಗಳ ಆಕಾರವೇನು. ಇವನ್ನು ದಿನಾಂಕ ಮತ್ತು ಸ್ಥಳದೊಡನೆ ನೋಟುಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಗಿಡವನ್ನು ಬೇರುಸಹಿತ ಕೀಳಕೂಡದು. ಬಿದ್ದ ಎಲೆಯೊಂದನ್ನು ಹಳೆಯ ಪತ್ರಿಕೆಯ ನಡುವೆ ಇಟ್ಟು ಒತ್ತಿದರೆ ಸಾಕು.

ಕೊನೆಯದಾಗಿ ಒಂದು ಕಟ್ಟುನಿಟ್ಟಾದ ನಿಯಮ: ಯಾವುದನ್ನೂ ಬಾಯಿಗೆ ಹಾಕಬಾರದು. ಕೆಂಪುಕಪ್ಪು ಬಣ್ಣದ ಗುಲಗಂಜಿ ನೋಡಲು ಎಷ್ಟು ಚೆಲುವೋ ಅದರ ಒಳತಿರುಳು ಅಷ್ಟೇ ವಿಷ. ಹಳದಿ ಕಣಗಿಲೆಯ ಕಾಯಿ, ದತ್ತೂರದ ಬೀಜ ಇವೂ ಪ್ರಾಣಕ್ಕೆ ಅಪಾಯವನ್ನು ತರುವಂಥವು.

ಏಳು ಗಿಡಗಳ ಪರಿಚಯ

ಮೊದಲ ನಡಿಗೆಯಲ್ಲಿ ಏಳೇ ಗಿಡಗಳನ್ನು ಕಲಿಯೋಣ. ಏಳೂ ನಮ್ಮ ನಾಡಿನವೇ, ಏಳೂ ಸುಲಭವಾಗಿ ಸಿಗುವಂಥವು.

೧. ಬಿಳಿ ಹಿಂಡಿ ಸೊಪ್ಪು. ತಮಿಳಿನಲ್ಲಿ ಸಿರುಪೂಳೈ. ಸಸ್ಯಶಾಸ್ತ್ರದಲ್ಲಿ ಏರ್ವಾ ಲನಾಟಾ ಎಂದು ಬಹುಕಾಲದಿಂದ ಪ್ರಸಿದ್ಧ. ‘ಲನಾಟಾ’ ಎಂದರೆ ಉಣ್ಣೆಯುಳ್ಳದ್ದು. ಎಲೆಯ ಬುಡದಲ್ಲಿ ಬಿಳಿಯ ಉಣ್ಣೆಯ ಉಂಡೆಗಳಂತೆ ಪುಟ್ಟ ಹೂಗಳು ಕಿಕ್ಕಿರಿದಿರುತ್ತವೆ. ನಾವು ದಿನವೂ ಉಣ್ಣುವ ದಂಟಿನ ಸೊಪ್ಪಿನ ಕುಟುಂಬಕ್ಕೆ ಸೇರಿದ ಗಿಡವಿದು. ನಮ್ಮ ಊರಿನ ಗಿಡವಾದುದರಿಂದ ಇದಕ್ಕೆ ಮೊದಲ ಸ್ಥಾನ.

೨. ಆವರಿಕೆ ಅಥವಾ ತಂಗಡಿ. ತಮಿಳಿನಲ್ಲಿ ಆವಾರಂ, ತೆಲುಗಿನಲ್ಲಿ ತಂಗೇಡು. ಸಂಯುಕ್ತ ಎಲೆ, ಐದೆಸಳಿನ ಬಂಗಾರದ ಬಣ್ಣದ ಹೂವು, ಕಾಗದದಂತೆ ತೆಳುವಾದ ಚಪ್ಪಟೆ ಕಾಯಿ. ಒಣನೆಲದಲ್ಲೂ ಸೊಗಸಾಗಿ ಬೆಳೆಯುತ್ತದೆ. ಇದರ ತೊಗಟೆಯನ್ನು ಹಿಂದೆ ಚರ್ಮ ಹದಮಾಡಲು ಬಳಸುತ್ತಿದ್ದರು. ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯಾ ಎಂದಿರುವ ಇದರ ಶಾಸ್ತ್ರೀಯ ಹೆಸರು ಈಗ ಸೆನ್ನಾ ಆರಿಕ್ಯುಲೇಟಾ.

೩. ತುಂಬೆ. ತಮಿಳಿನಲ್ಲಿ ತುಂಬೈ. ಶಾಸ್ತ್ರೀಯ ಹೆಸರು ಲ್ಯೂಕಸ್ ಆಸ್ಪೆರಾ. ಶಿವನಿಗೆ ಪ್ರಿಯವೆಂದು ನಮ್ಮವರು ನಂಬುವ ಬಿಳಿಯ ಹೂವು. ಕಾಂಡವನ್ನು ಎರಡು ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಿ ನೋಡಿ. ನಾಲ್ಕು ಮೂಲೆಗಳು ಬೆರಳಿಗೆ ತಾಗುತ್ತವೆ. ಎಲೆಗಳು ಎದುರುಬದುರು. ಮನೆಗೆ ಹೋಗಿ ತುಳಸಿಯ ಎಳೆಯ ಕಾಂಡವನ್ನು ಹಾಗೆಯೇ ಮುಟ್ಟಿ ನೋಡಿ. ಎರಡೂ ಒಂದೇ ಕುಟುಂಬಕ್ಕೆ ಸೇರಿದವೆಂದು ಬೆರಳೇ ಹೇಳುತ್ತದೆ.

೪. ಉತ್ತರಾಣಿ. ತಮಿಳಿನಲ್ಲಿ ನಾಯುರುವಿ. ಶಾಸ್ತ್ರೀಯ ಹೆಸರು ಅಕಿರಾಂತಸ್ ಆಸ್ಪೆರಾ. ತುಂಬೆಯ ಹೆಸರಿನಲ್ಲೂ ‘ಆಸ್ಪೆರಾ’ ಇತ್ತಷ್ಟೆ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಒರಟು ಎಂದರ್ಥ. ಉದ್ದನೆಯ ಕಡ್ಡಿಯ ಮೇಲೆ ಕೆಳಮುಖವಾಗಿ ಬಾಗಿದ ಕಾಯಿಗಳು ಲಂಗಕ್ಕೂ ಪಂಚೆಗೂ ಅಂಟಿಕೊಂಡು ಮನೆಯವರೆಗೆ ಬರುತ್ತವೆ. ಬೀಜ ಹರಡಲು ಗಿಡ ನಮ್ಮನ್ನೇ ಕೂಲಿಯಿಲ್ಲದೆ ದುಡಿಸಿಕೊಳ್ಳುವ ಉಪಾಯವಿದು. ಗಣಪತಿಯ ಪೂಜೆಯ ಇಪ್ಪತ್ತೊಂದು ಪತ್ರೆಗಳಲ್ಲಿ ಉತ್ತರಾಣಿಗೂ ಸ್ಥಾನವಿದೆ.

೫. ನೆಗ್ಗಿಲು ಮುಳ್ಳು. ತಮಿಳಿನಲ್ಲಿ ನೆರಿಂಜಿ. ಶಾಸ್ತ್ರೀಯ ಹೆಸರು ಟ್ರಿಬ್ಯುಲಸ್ ಟೆರೆಸ್ಟ್ರಿಸ್. ನೆಲಕ್ಕೆ ಒತ್ತಿಕೊಂಡು ಹರಡುವ ಗಿಡ, ಐದೆಸಳಿನ ಹಳದಿ ಹೂವು. ಬರಿಗಾಲಲ್ಲಿ ಆಡುವವರಿಗೆ ಇದರ ಮುಳ್ಳುಕಾಯಿಯ ಪರಿಚಯ ಮಾಡಿಸಬೇಕಾಗಿಲ್ಲ!

೬. ಎಕ್ಕ. ತಮಿಳಿನಲ್ಲಿ ಎರುಕ್ಕು. ಶಾಸ್ತ್ರೀಯ ಹೆಸರು ಕೆಲೊಟ್ರೋಪಿಸ್ ಜೈಜಾಂಟಿಯಾ. ರಥಸಪ್ತಮಿಯ ಸ್ನಾನದಲ್ಲಿ ತಲೆ, ಭುಜಗಳ ಮೇಲೆ ಇಟ್ಟುಕೊಳ್ಳುವುದು ಈ ಎಲೆಯನ್ನೇ. ದಪ್ಪನೆಯ ಎಲೆಯ ಕೆಳಗೆ ಬಗ್ಗಿ ನೋಡಿದರೆ ಕಪ್ಪು, ಬಿಳಿ, ಹಳದಿ ಪಟ್ಟೆಗಳ ಕಂಬಳಿಹುಳುವೊಂದು ಕಾಣಬಹುದು. ಕಿತ್ತಳೆ ಬಣ್ಣದ, ಕಪ್ಪು ಅಂಚಿನ ಚಿಟ್ಟೆಯ ಮರಿ ಅದು. ಎಕ್ಕದ ಹಾಲಿನಲ್ಲಿರುವ ವಿಷವನ್ನು ಹುಳು ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ; ಆದ್ದರಿಂದ ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ಎಕ್ಕವೂ ಅದರ ಬಂಧುಗಳೂ ಇಲ್ಲದ ಕಡೆ ಈ ಚಿಟ್ಟೆ ಮೊಟ್ಟೆಯಿಡಲಾರದು. ಎಕ್ಕದ ಹಾಲು ಕಣ್ಣಿಗೆ ಬೀಳದಂತೆ ಎಚ್ಚರವಿರಲಿ. ಮುಟ್ಟಿದ ಮೇಲೆ ಕೈ ತೊಳೆಯಿರಿ.

೭. ಹೊಂಗೆ. ತಮಿಳಿನಲ್ಲಿ ಪುಂಗಂ. ತಂಪು ನೆರಳಿನ ಮರ. ಬೀಜದ ಎಣ್ಣೆಯಿಂದ ಹಿಂದೆ ಮನೆಗಳಲ್ಲಿ ದೀಪ ಉರಿಸುತ್ತಿದ್ದರು. ಇದರ ಶಾಸ್ತ್ರೀಯ ಹೆಸರು ಪೊಂಗಾಮಿಯಾ ಪಿನ್ನಾಟಾ. ‘ಪೊಂಗಾಮಿಯಾ’ ಎಂಬಲ್ಲಿ ‘ಪುಂಗಂ’ ಕೇಳಿಸುವುದಲ್ಲವೇ? ಲ್ಯಾಟಿನ್ ಉಡುಪು ತೊಟ್ಟ ನಮ್ಮ ನೆರೆಯ ಮಾತೇ ಅದು.

ಮನೆಯ ಮಾತು, ಜಗತ್ತಿನ ಮಾತು

ಊರಿನ ಜನರ ಬಾಯಲ್ಲಿದ್ದ ಹೆಸರು ಜಗತ್ತಿನ ಪುಸ್ತಕ ಸೇರಿದ್ದು ಹೇಗೆ? ೧೬೭೮ರಿಂದ ೧೬೯೩ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ‘ಹೋರ್ಟಸ್ ಮಲಬಾರಿಕಸ್’ ಎಂಬ ಗ್ರಂಥ ಹನ್ನೆರಡು ಸಂಪುಟಗಳಲ್ಲಿ ಅಚ್ಚಾಯಿತು. ಡಚ್ಚರ ಅಧಿಕಾರಿ ವಾನ್ ರೀಡ್ ಅದನ್ನು ಮಾಡಿಸಿದನು. ಆದರೆ ಗಿಡಗಳನ್ನು ಗುರುತಿಸಿ ಹೆಸರು ಹೇಳಿದವರು ಕೇರಳದ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಪಂಡಿತರು. ಮುಂದೆ ಲಿನೇಯಸನೂ ಈ ಗ್ರಂಥವನ್ನು ಆಧರಿಸಿದನು. ಅಡಿಕೆಮರದ ಶಾಸ್ತ್ರೀಯ ಹೆಸರಾದ ‘ಅರೆಕಾ’ ಎಂಬುದು ಮಲಯಾಳದ ‘ಅಡಕ್ಕ’ದಿಂದ ಬಂದದ್ದು. ನಮ್ಮ ‘ಅಡಿಕೆ’ ಅದರ ಸೋದರ ಪದ.

ತಮಿಳಿನ ಹಳೆಯ ಕಾವ್ಯ, ಕಪಿಲರ ‘ಕುರಿಂಜಿಪ್ಪಾಟ್ಟು’ ಒಂದೇ ಪ್ರಸಂಗದಲ್ಲಿ ೯೯ ಹೂಗಳ ಹೆಸರು ಹೇಳುತ್ತದೆ. ಮೇಲೆ ನಾವು ಕಲಿತ ಆವರಿಕೆ, ತುಂಬೆ ಅದರಲ್ಲಿವೆ. ಪೂಳೈಯ ಹೆಸರೂ ಇದೆ. ಎರಡು ಸಾವಿರ ವರ್ಷಗಳ ಆಸುಪಾಸಿನಿಂದ ಜನ ಹೆಸರಿಟ್ಟು ಕರೆದ ಗಿಡವನ್ನು ನಮ್ಮ ಕಾಲದಲ್ಲಿ ‘ಏನೋ ಒಂದು ಕಳೆ’ ಎನ್ನುವುದು ಸರಿಯೇ?

ಈ ಜಿಲ್ಲೆಯಲ್ಲಿ ತಲೆಮಾರುಗಳಿಂದ ಕನ್ನಡವಾಡುವ ಮನೆಗಳಿವೆ. ನೇಯ್ಗೆಯ ದೇವಾಂಗರು, ಬೇಸಾಯದ ಒಕ್ಕಲಿಗರು ಮುಂತಾದವರು ತಮ್ಮೊಡನೆ ಕನ್ನಡದ ಹೆಸರುಗಳನ್ನೂ ತಂದರು. ನೆರೆಯವರಿಂದ ತಮಿಳು, ತೆಲುಗು ಹೆಸರುಗಳನ್ನೂ ಕಲಿತರು. ಆ ಮನೆಗನ್ನಡದ ಹೆಸರುಗಳಲ್ಲಿ ಹಲವು ಯಾವ ನಿಘಂಟಿಗೂ ಸೇರಿಲ್ಲ. ಅವು ಇರುವುದು ಅಜ್ಜಿಯರ ನೆನಪಿನಲ್ಲಿ ಮಾತ್ರ. ನಾಟಿಯ ಕಾಲ, ಕಳೆ ತೆಗೆಯುವ ಕಾಲ ನೋಡಿದ ಆ ಹಿರಿಯರು ಇನ್ನೆಷ್ಟು ವರ್ಷ ನಮ್ಮೊಡನಿದ್ದಾರು? ಇಂದು ಫೋನಿನಲ್ಲಿ ಚಿತ್ರ ತೆಗೆದರೆ ಗಿಡದ ಲ್ಯಾಟಿನ್ ಹೆಸರನ್ನು ಹೇಳುವ ಸೌಲಭ್ಯ ಬಂದಿದೆ. ಅದು ಒಳ್ಳೆಯದೇ. ಆದರೆ ನಿಮ್ಮ ಅಜ್ಜಿ ಆ ಗಿಡವನ್ನು ಏನೆಂದು ಕರೆಯುತ್ತಿದ್ದರೆಂಬುದನ್ನು ಯಾವ ಫೋನೂ ಹೇಳಲಾರದು. ಕೇಳದೆ ಬಿಟ್ಟ ಹೆಸರು ಮತ್ತೆ ಸಿಗುವುದಿಲ್ಲ.

ನಮ್ಮವು ಯಾವುವು, ಬಂದವು ಯಾವುವು?

ಮನುಷ್ಯರು ತಂದು ನೆಡದೆ, ಒಂದು ಪ್ರದೇಶದಲ್ಲಿ ಅನಾದಿಯಿಂದ ತಾನೇ ಬೆಳೆದುಬಂದ ಗಿಡ ಅಲ್ಲಿಯ ಸ್ಥಳೀಯ ಗಿಡ. ದೂರದೇಶಗಳಿಂದ ಬಂದ ಗಿಡಗಳಿಗೆ ನಮ್ಮ ಹಿರಿಯರು ಹೆಸರಿನಲ್ಲೇ ಗುರುತು ಹಾಕಿದ್ದಾರೆ. ಕನ್ನಡದಲ್ಲಿ ‘ಸೀಮೆ’, ತಮಿಳಿನಲ್ಲಿ ‘ಸೀಮೈ’ ಎಂಬ ಪದ ಹೆಸರಿನ ಮೊದಲಲ್ಲಿದ್ದರೆ ಅದು ಹೊರಗಿನಿಂದ ಬಂದುದೆಂದು ಸಾಮಾನ್ಯವಾಗಿ ತಿಳಿಯಬಹುದು: ಸೀಮೆ ಬದನೆ, ಸೀಮೆ ಹುಣಸೆ. ಇಲ್ಲಿ ಎಲ್ಲರೂ ಚಪ್ಪರಿಸುವ ಕೊಡುಕ್ಕಾಪುಳಿಯೇ ಸೀಮೆ ಹುಣಸೆ. ಅದರ ತವರು ಮೆಕ್ಸಿಕೋ, ಮಧ್ಯ ಅಮೆರಿಕ.

ಬಂದವೆಲ್ಲ ಕೆಟ್ಟವೆಂದು ಎಣಿಸಬಾರದು. ಮೆಣಸಿನಕಾಯಿ, ಟೊಮೇಟೊ, ಕಡಲೆಕಾಯಿ, ಆಲೂಗೆಡ್ಡೆ ಇವೆಲ್ಲ ಅಮೆರಿಕ ಖಂಡಗಳಿಂದ ಬಂದು ನಮ್ಮ ಅಡುಗೆಮನೆಯವೇ ಆಗಿಬಿಟ್ಟಿವೆ. ಕೆಲವು ಮಾತ್ರ ಮನೆಯವರನ್ನೇ ಹೊರಗೆ ನೂಕುವ ಅತಿಥಿಗಳಂತೆ. ತಮಿಳಿನಲ್ಲಿ ಸೀಮೈ ಕರುವೇಲಂ ಎನ್ನುವ ಬಳ್ಳಾರಿ ಜಾಲಿ, ತೋಟದ ಅಂದಕ್ಕೆಂದು ತಂದ ಲಂಟಾನ, ೧೯೫೦ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವನ್ನೆಲ್ಲ ವ್ಯಾಪಿಸಿದ ಪಾರ್ಥೇನಿಯಂ, ಕೆರೆಗಳ ನೀರನ್ನು ಚಾಪೆಯಂತೆ ಮುಚ್ಚುವ ಆಗಾಯತ್ತಾಮರೈ, ಇವು ನಾಲ್ಕೂ ಅಮೆರಿಕ ಖಂಡಗಳಿಂದ ಬಂದಂಥವು. ದನಕರುಗಳು ಪಾರ್ಥೇನಿಯಂ ಮುಟ್ಟುವುದಿಲ್ಲ. ಅನೇಕರಿಗೆ ಅದರಿಂದ ಚರ್ಮದ ತುರಿಕೆ, ಉಸಿರಾಟದ ತೊಂದರೆ ಬರುತ್ತದೆ. ಖಾಲಿ ನಿವೇಶನದಲ್ಲಿ ಪೂಳೈ ಇದ್ದ ಜಾಗವನ್ನು ಬುಲ್ಡೋಜರ್ ಬೋಳಿಸಿ ಹೋದ ಮೇಲೆ ಮೊದಲು ತಲೆಯೆತ್ತುವುದು ಸಾಮಾನ್ಯವಾಗಿ ಇದೇ ಪಾರ್ಥೇನಿಯಂ. ಹಸಿರು ಹಸಿರೇ ಎಂದುಕೊಂಡವನಿಗೆ ಎರಡರ ವ್ಯತ್ಯಾಸ ತಿಳಿಯದು.

ಸ್ಥಳೀಯ ಗಿಡಗಳನ್ನು ಅರಿತು ಬಾಳಿದವರ ಉದಾಹರಣೆ ನಮ್ಮ ನೆರೆಯ ತಿರುಪ್ಪೂರು ಜಿಲ್ಲೆಯಲ್ಲಿಯೇ ಇದೆ. ಕಾಂಗೇಯಂ ಸುತ್ತಿನ ರೈತರು ಮಳೆ ಕಡಿಮೆಯಿರುವ ಭೂಮಿಯಲ್ಲಿ ‘ಕೊರಂಗಾಡು’ ಎಂಬ ಹುಲ್ಲುಗಾವಲುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಸುತ್ತಲೂ ಕಿಳುವೈ ಎಂಬ ಮುಳ್ಳುಗಿಡದ ಜೀವಂತ ಬೇಲಿ. ನಡುನಡುವೆ ವೆಳ್ವೇಲಂ, ಎಂದರೆ ಬಿಳಿಜಾಲಿಯ ಮರಗಳು. ಕೆಳಗೆ ಕೊಳುಕ್ಕಟ್ಟೈ ಎಂಬ ಹುಲ್ಲು. ಬೇಲಿ ದನವನ್ನು ಒಳಗಿಡುತ್ತದೆ, ಮರ ನೆರಳನ್ನೂ ಒಣಕಾಯಿಯ ಮೇವನ್ನೂ ಕೊಡುತ್ತದೆ, ಹುಲ್ಲು ಬರಗಾಲದಲ್ಲೂ ಬೇರು ಬಿಡದೆ ಉಳಿಯುತ್ತದೆ. ಪ್ರಸಿದ್ಧವಾದ ಕಾಂಗೇಯಂ ತಳಿಯ ಎತ್ತು ಹಸುಗಳು ಬೆಳೆದದ್ದು ಇಂಥ ಹೊಲಗಳಲ್ಲಿ. ಈ ಮೂರು ಗಿಡಗಳಲ್ಲಿ ಯಾವುದನ್ನು ಎಲ್ಲಿ ಇರಿಸಬೇಕೆಂದು ಬಲ್ಲ ರೈತ ಕಾಲೇಜಿಗೆ ಹೋದವನೇ ಆಗಿರಬೇಕಾಗಿಲ್ಲ. ಆದರೆ ಗಿಡಗಳನ್ನು ಹೆಸರು ಹಿಡಿದು ಬಲ್ಲವನು.

ಪೋಷಕರಲ್ಲಿ ಒಂದು ಮಾತು

‘ಪರೀಕ್ಷೆ ಹತ್ತಿರ ಬಂದಿರುವಾಗ ಗಿಡ ನೋಡುತ್ತ ತಿರುಗಿದರೆ ಅಂಕ ಬರುತ್ತದೆಯೇ?’ ಎಂದು ತಾವು ಕೇಳುವುದು ಸಹಜ. ತಿಂಗಳಿಗೆ ಒಂದು ಭಾನುವಾರ, ಎರಡು ಗಂಟೆಗಳ ಕಾಲ ಸಾಕು. ಎಲೆಯ ಜೋಡಣೆ, ಪರಾಗಸ್ಪರ್ಶ, ಬೀಜಪ್ರಸಾರ ಇವು ವಿಜ್ಞಾನದ ಪುಸ್ತಕದಲ್ಲಿ ಇರುವ ಪಾಠಗಳೇ. ಎಕ್ಕದ ಹೂವಿಗೆ ಬರುವ ದೊಡ್ಡ ಕಪ್ಪು ದುಂಬಿಯನ್ನು ಒಮ್ಮೆ ಕಣ್ಣಾರೆ ಕಂಡ ಮಗು ಪರಾಗಸ್ಪರ್ಶವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಭಾಷೆಯ ದೃಷ್ಟಿಯಿಂದ ಹೇಳುವುದಾದರೆ, ಕಂಡದ್ದನ್ನು ಕಂಡಂತೆ ನಾಲ್ಕು ಸಾಲು ಬರೆಯಲು ಕಲಿಯುವುದೇ ಒಳ್ಳೆಯ ಪ್ರಬಂಧದ ತಳಹದಿ.

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ತಾವೆಲ್ಲ ಬಲ್ಲಿರಿ. ಹತ್ತಿರವಿರುವುದಕ್ಕೆ ಬೆಲೆಯಿಲ್ಲ ಎಂದು ಅದರ ಅರ್ಥ. ಮದ್ದಿನ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. ಮೇಲಿನ ಗಿಡಗಳಲ್ಲಿ ಕೆಲವನ್ನು ನಾಟಿ ವೈದ್ಯದಲ್ಲಿ ಬಳಸುವುದುಂಟು; ವೈದ್ಯರನ್ನು ಕೇಳದೆ ಮನೆಯಲ್ಲಿ ಪ್ರಯೋಗ ಮಾಡಬಾರದು. ನಡಿಗೆಯ ಉದ್ದೇಶ ಗಿಡವನ್ನು ಬಲ್ಲವರಾಗುವುದು.

ತಮ್ಮಿಂದ ನಾವು ಬಯಸುವ ಸಹಾಯ ಚಿಕ್ಕದು. ಮನೆಯ ಹಿರಿಯರನ್ನು ಒಂದು ದಿನ ನಮ್ಮೊಡನೆ ಕಳುಹಿಸಿಕೊಡಿ. ನಡೆಯಲಾರದವರಾದರೆ ಮಕ್ಕಳು ಎಲೆಯೊಂದನ್ನು ಮನೆಗೇ ತಂದು ತೋರಿಸುತ್ತಾರೆ. ಅವರು ಹೇಳುವುದನ್ನು ಹೇಳಗೊಡಿ. ‘ಅದೆಲ್ಲ ಹಳೆಯ ಕಾಲದ ಮಾತು’ ಎಂದು ನಡುವೆ ತಡೆಯಬೇಡಿ. ಮನೆ ಕಟ್ಟುವಾಗ ನಿವೇಶನದ ಒಂದು ಮೂಲೆಯಲ್ಲಿ ಎರಡು ಮೊಳ ನೆಲವನ್ನು ಸಿಮೆಂಟು ಹಾಕದೆ ಬಿಟ್ಟರೆ ತುಂಬೆಗೂ ಪೂಳೈಗೂ ಅಷ್ಟು ಸಾಕು.

ರಜೆಯ ಅಭ್ಯಾಸ

೧. ನಿಮ್ಮ ಮನೆಯಿಂದ ಶಾಲೆಯವರೆಗಿನ ದಾರಿಯಲ್ಲಿ ಮೇಲಿನ ಏಳು ಗಿಡಗಳಲ್ಲಿ ಎಷ್ಟು ಕಾಣುತ್ತವೆ? ಎಲ್ಲಿ ಕಂಡಿರಿ, ಎಂದು ಕಂಡಿರಿ, ಬರೆಯಿರಿ.

೨. ತುಂಬೆ ಮತ್ತು ತುಳಸಿಯ ಕಾಂಡ, ಎಲೆ, ಹೂಗಳನ್ನು ಹೋಲಿಸಿ ಚಿತ್ರ ಬರೆಯಿರಿ.

೩. ‘ಸೀಮೆ’ ಎಂಬ ಪದದಿಂದ ಆರಂಭವಾಗುವ ಐದು ಹೆಸರುಗಳನ್ನು ಪಟ್ಟಿಮಾಡಿ. ಅವು ಯಾವ ದೇಶದಿಂದ ಬಂದವೆಂದು ವಿಚಾರಿಸಿ ತಿಳಿಯಿರಿ.

೪. ಮುಂದಿನ ಸಂಕ್ರಾಂತಿಗೆ ಬಾಗಿಲಿಗೆ ಕಟ್ಟುವ ಪೂಳೈಯ ಕಾಪ್ಪು ಒಣಗಿದ ಮೇಲೆ ಎಸೆಯಬೇಡಿ. ಅದರ ಬೀಜಗಳನ್ನು ಉದುರಿಸಿ, ಮಳೆಗಾಲದಲ್ಲಿ ಶಾಲೆಯ ಬೇಲಿಯ ಬಳಿ ಹಾಕಿ ಏನಾಗುವುದೆಂದು ನೋಡಿ.

೫. ಒಂದು ನೋಟುಬುಕ್ಕಿನಲ್ಲಿ ನಾಲ್ಕು ಅಂಕಣಗಳನ್ನು ಎಳೆಯಿರಿ: ಮನೆಯಲ್ಲಿ ಕರೆಯುವ ಹೆಸರು, ಕನ್ನಡ ಪುಸ್ತಕದ ಹೆಸರು, ತಮಿಳು ಹೆಸರು, ಶಾಸ್ತ್ರೀಯ ಹೆಸರು. ಮೊದಲ ಅಂಕಣವನ್ನು ಅಜ್ಜಿಯನ್ನೋ ಅಜ್ಜನನ್ನೋ ಕೇಳಿ ತುಂಬಿರಿ. ಅವರು ಉಚ್ಚರಿಸಿದಂತೆಯೇ ಬರೆಯಿರಿ, ತಿದ್ದಬೇಡಿ.